‘ದಿ ವೇಲಿಂಗ್’: ದೆವ್ವ ಯಾರು ಅಂತ ಗೊತ್ತಾದ ಮೇಲೆ ಉಳಿಯುವ ಪ್ರಶ್ನೆ

‘ದಿ ವೇಲಿಂಗ್’ ನೋಡಿ ಮುಗಿಸಿದವರು ಮೊದಲು ಮಾಡುವ ಕೆಲಸ ಫೋನ್ ತೆಗೆದು ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ಅಂತ ಹುಡುಕುವುದು. ನಾ ಹೊಂಗ್-ಜಿನ್ ನಿರ್ದೇಶನದ ಈ ಕೊರಿಯನ್ ಸಿನಿಮಾ ಬಂದಿದ್ದು 2016ರಲ್ಲಿ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗಿನ ವಿಭಾಗದಲ್ಲಿ ತೋರಿಸಿದರು. ದಕ್ಷಿಣ ಕೊರಿಯಾದಲ್ಲಿ 68 ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋದವು. ಎರಡು ಗಂಟೆ 36 ನಿಮಿಷದ ಸಿನಿಮಾ, ಕೊನೆಗೆ ಏನಾಯಿತು ಅಂತಲೇ ಸರಿಯಾಗಿ ಹೇಳುವುದಿಲ್ಲ. ಆದರೂ ಜನ ಮುಗಿಬಿದ್ದು ನೋಡಿದರು, ನೋಡಿದವರು ಇವತ್ತಿಗೂ ಜಗಳ ಆಡುತ್ತಿದ್ದಾರೆ.

ಜಗಳ ಮೂರು ಜನರ ಸುತ್ತ. ಕಾಡಂಚಿನ ಮನೆಯಲ್ಲಿ ಒಂಟಿಯಾಗಿ ಇರುವ ಜಪಾನಿ ಮುದುಕ. ದುಡ್ಡು ಕೊಟ್ಟು ಕರೆಸಿದ ಮಂತ್ರವಾದಿ ಇಲ್ಗ್ವಾಂಗ್. ಎಲ್ಲಿಂದ ಬಂದಳು, ಯಾರ ಮನೆಯವಳು ಅಂತ ಗೊತ್ತಿಲ್ಲದ ಬಿಳಿ ಬಟ್ಟೆಯ ಹೆಂಗಸು. ಇವರಲ್ಲಿ ಕೊಲ್ಲುವವರು ಯಾರು, ಕಾಯುವವರು ಯಾರು?

ಈ ಪ್ರಶ್ನೆಗೆ ಸಿನಿಮಾದ ಒಳಗೇ ಉತ್ತರ ಇದೆ, ಸಾಕಷ್ಟು ಗಟ್ಟಿಯಾಗೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ಆ ಉತ್ತರ ಸಿಕ್ಕರೂ ಸಮಾಧಾನ ಆಗುವುದಿಲ್ಲ. ಸಿನಿಮಾ ನಿಜವಾಗಿ ತೆರೆದಿಟ್ಟ ಪ್ರಶ್ನೆ ಬೇರೆ ಕಡೆ ಇದೆ, ಅದಕ್ಕೆ. ಇನ್ನು ಮುಂದೆ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ. ನೋಡದೇ ಇದ್ದವರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಕಥೆ ನಡೆಯುವುದು ದಕ್ಷಿಣ ಜಿಯೊಲ್ಲಾ ಪ್ರಾಂತ್ಯದ ಗೊಕ್ಸೊಂಗ್ ಅನ್ನುವ ಬೆಟ್ಟಗುಡ್ಡದ ಊರಲ್ಲಿ. ಅದು ನಿಜವಾಗಿಯೂ ಇರುವ ಜಾಗ. ಜೋಂಗು ಅಲ್ಲಿನ ಪೊಲೀಸು. ದಪ್ಪಗೆ, ಸ್ವಲ್ಪ ಸೋಮಾರಿ, ಸ್ವಲ್ಪ ಪುಕ್ಕಲ. ಕೊಲೆ ಆಗಿದೆ ಅಂತ ಬೆಳಗಿನ ಜಾವ ಫೋನ್ ಬಂದರೆ, ತಿಂಡಿ ತಿಂದುಕೊಂಡು ಹೋಗುವ ಆಸಾಮಿ. ಊರಲ್ಲಿ ಒಂದಾದ ಮೇಲೆ ಒಂದು ಮನೆಯಲ್ಲಿ ಯಾರೋ ಒಬ್ಬರಿಗೆ ಹುಚ್ಚು ಹಿಡಿಯುತ್ತದೆ, ಮೈಮೇಲೆ ಹುಣ್ಣು ಏಳುತ್ತದೆ, ಅವರು ತಮ್ಮ ಮನೆಯವರನ್ನೇ ಕೊಂದುಹಾಕುತ್ತಾರೆ. ವಿಷದ ಅಣಬೆ ತಿಂದು ಹೀಗಾಗಿದೆ ಅನ್ನುವುದು ಅಧಿಕೃತ ವಿವರಣೆ. ಆ ಜಪಾನಿ ಬಂದ ಮೇಲೆ ಶುರುವಾಯಿತು ಅನ್ನುವುದು ಊರಿನ ಮಾತು. ಕೊನೆಗೆ ಜೋಂಗುವಿನ ಮಗಳು, ಪುಟ್ಟ ಹುಡುಗಿ ಹ್ಯೋಜಿನ್, ಮೈಮೇಲೆ ಅದೇ ಗುರುತುಗಳು ಎದ್ದು ಮಲಗುತ್ತಾಳೆ.

ಅಣಬೆಯ ವಿವರಣೆಯನ್ನು ಬೇಗ ಮುಗಿಸಿಬಿಡೋಣ. ಇಡೀ ಕಥೆ ವಿಷ ತಿಂದವರ ಭ್ರಮೆ ಅಂತ ವಾದಿಸುವವರು ಇದ್ದಾರೆ. ಆಗಲಿ, ಆದರೆ ಹಾಗಂದುಕೊಂಡರೆ ಸಿನಿಮಾದ ಅರ್ಧ ದೃಶ್ಯಗಳಿಗೆ ಕೆಲಸವೇ ಇಲ್ಲ. ಯಾರೂ ನೋಡುತ್ತಿಲ್ಲದಾಗ, ಮುದುಕ ಒಬ್ಬನೇ ಇದ್ದಾಗ ನಡೆಯುವ ಘಟನೆಗಳನ್ನೂ ನಮಗೆ ತೋರಿಸುತ್ತಾರಲ್ಲ, ಅದು ಯಾರ ಭ್ರಮೆ? ಸಾಮಾನ್ಯವಾಗಿ ಮನಸ್ಸಿನ ಭಯದ ಕಥೆಗಳಲ್ಲಿ ಗೊಂದಲ ಇರುವುದು ‘ದೆವ್ವವೋ, ತಲೆ ಕೆಟ್ಟಿದ್ದೋ’ ಅನ್ನುವುದರಲ್ಲಿ. ನಮಗೆ ‘ಆಪ್ತಮಿತ್ರ’ ಆ ಅಭ್ಯಾಸ ಮಾಡಿಸಿಟ್ಟಿದೆ. ಡಾಕ್ಟರು ಬಂದು ನಾಗವಲ್ಲಿಯ ಗಂಟನ್ನು ಒಂದೊಂದಾಗಿ ಬಿಚ್ಚಿ ಹೇಳುತ್ತಾರೆ, ನಾವು ನೆಮ್ಮದಿಯಾಗಿ ಮನೆಗೆ ಬರುತ್ತೇವೆ. (ಅಷ್ಟು ದೊಡ್ಡ ಹಾವು ಯಾಕಿತ್ತು ಅಂತ ಮಾತ್ರ ಡಾಕ್ಟರೂ ಹೇಳಲಿಲ್ಲ ಬಿಡಿ.) ‘ದಿ ವೇಲಿಂಗ್’ನಲ್ಲಿ ದೆವ್ವ ಇದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಯಾರ ಮಾತು ನಂಬಬೇಕು ಅನ್ನುವುದರಲ್ಲೇ ಎಲ್ಲ ಅನುಮಾನ. ಮನಸ್ಸಿನ ಆಟ ಇರುವುದು ಅಲ್ಲಿ.

ಈಗ ಆ ಮಂತ್ರವಾದದ ರಾತ್ರಿಗೆ ಬರೋಣ. ಸಿನಿಮಾದ ಅತಿ ಹೆಸರಾದ ದೃಶ್ಯ, ಅತಿ ದೊಡ್ಡ ಮೋಸವೂ ಅದೇ.

ಇಲ್ಗ್ವಾಂಗ್ ಜೋಂಗುವಿನ ಮನೆ ಅಂಗಳದಲ್ಲಿ ‘ಗುಟ್’ ನಡೆಸುತ್ತಾನೆ. ಕೊರಿಯಾದ ಹಳೆಯ ಜನಪದ ನಂಬಿಕೆಯಲ್ಲಿ ದೇವರು-ದೆವ್ವಗಳ ಜೊತೆ ಮಾತಾಡುವ ಆಚರಣೆ ಅದು. ಡೋಲು, ಬೆಂಕಿ, ಕುಣಿತ, ಕೋಳಿ, ರಕ್ತ ಎಲ್ಲ ಇದೆ. ನಮ್ಮ ಕರಾವಳಿಯ ಕೋಲ ನೋಡಿ ಬೆಳೆದವರಿಗೆ ಆ ಸದ್ದಿನ ಏರಿಳಿತ ಹೊಸದು ಅನ್ನಿಸುವುದಿಲ್ಲ. ಮುದುಕನ ಮೇಲೆ ಮಾರಕ ಮಾಟ ಬಿಡುತ್ತೇನೆ, ಮಧ್ಯ ಯಾರೂ ತಡೆಯಬಾರದು ಅಂತ ಅವನು ಮೊದಲೇ ಹೇಳಿರುತ್ತಾನೆ. ಆಮೇಲೆ ಮರದ ಕಂಬಕ್ಕೆ ದೊಡ್ಡ ದೊಡ್ಡ ಮೊಳೆ ಹೊಡೆಯಲು ಶುರು ಮಾಡುತ್ತಾನೆ. ಅತ್ತ ಕಾಡಿನ ಮನೆಯಲ್ಲಿ ಮುದುಕನೂ ತನ್ನದೇ ಒಂದು ಪೂಜೆಗೆ ಕೂತಿದ್ದಾನೆ. ಕ್ಯಾಮೆರಾ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಜಿಗಿಯುತ್ತದೆ. ಮೊಳೆಗೆ ಏಟು ಬೀಳುತ್ತದೆ, ಮುದುಕ ನರಳುತ್ತಾನೆ. ಇನ್ನೊಂದು ಏಟು, ಅವನು ಕುಸಿಯುತ್ತಾನೆ. ಇಬ್ಬರು ಮಾಂತ್ರಿಕರ ಕಾಳಗ ನಡೆಯುತ್ತಿದೆ ಅಂತ ನಾವು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಳ್ಳುತ್ತೇವೆ.

ಯಾಕೆ ಒಪ್ಪುತ್ತೇವೆ? ಎರಡು ಜಾಗಗಳನ್ನು ಒಂದರ ಮೇಲೊಂದು ತೋರಿಸಿದರೆ ಅವೆರಡಕ್ಕೂ ಸಂಬಂಧ ಇದೆ ಅಂತ ನೂರು ವರ್ಷದಿಂದ ಸಿನಿಮಾ ನಮ್ಮ ಕಣ್ಣಿಗೆ ಕಲಿಸಿದೆ. ಇಲ್ಲಿ ನಿರ್ದೇಶಕ ಒಂದೂ ಸುಳ್ಳು ಹೇಳುವುದಿಲ್ಲ. ಜೋಡಿಸುವ ಕೆಲಸವನ್ನು ನಮಗೇ ಬಿಟ್ಟು ಸುಮ್ಮನಾಗುತ್ತಾನೆ. ಎರಡನೇ ಸಲ ನೋಡುವಾಗ ಹ್ಯೋಜಿನ್ ಕಡೆ ಗಮನ ಕೊಡಿ. ಆ ಮೊಳೆಗಳ ಏಟಿಗೆ ಒದ್ದಾಡುತ್ತಿರುವುದು, ಹೊಟ್ಟೆ ಹಿಡಿದುಕೊಂಡು ಕಿರುಚುತ್ತಿರುವುದು ಆ ಮಗು. ಇನ್ನು ಮುದುಕನ ಮುಂದೆ ಇರುವ ಫೋಟೋ ಯಾರದು? ಹ್ಯೋಜಿನ್‌ದಲ್ಲ. ಟ್ರಕ್ಕಿನಲ್ಲಿ ಸತ್ತುಬಿದ್ದಿದ್ದ ಇನ್ನೊಬ್ಬ ಮನುಷ್ಯನದು. ಮುಂದೆ ಅದೇ ಸತ್ತವನು ಎದ್ದು ಬಂದು ಜೋಂಗುವಿನ ಗೆಳೆಯರ ಮೇಲೆ ಬೀಳುತ್ತಾನೆ. ಅಂದರೆ ಅವತ್ತು ರಾತ್ರಿ ನಡೆದದ್ದು ಕಾಳಗವೇ ಅಲ್ಲ. ಒಬ್ಬ ಹೆಣ ಎಬ್ಬಿಸುತ್ತಿದ್ದ, ಇನ್ನೊಬ್ಬ ಮಗುವನ್ನು ಕೊಲ್ಲುತ್ತಿದ್ದ. ಮಗಳ ಕೂಗು ತಡೆಯಲಾರದೆ ಜೋಂಗು ಪೂಜೆ ನಿಲ್ಲಿಸಿದಾಗ ನಾವೆಲ್ಲ ಮನಸ್ಸಲ್ಲೇ ಅವನನ್ನು ಬೈದಿದ್ದೆವು, ಇನ್ನೊಂದು ಸ್ವಲ್ಪ ತಡೆದಿದ್ದರೆ ಮುದುಕ ಸಾಯುತ್ತಿದ್ದ ಅಂತ. ಅವನು ಇಡೀ ಸಿನಿಮಾದಲ್ಲಿ ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು ಅಂತ ಆಮೇಲೆ ಗೊತ್ತಾಗುತ್ತದೆ.

ಹಾಗಾದರೆ ಮುದುಕ ಯಾಕೆ ಕುಸಿದ? ಇದಕ್ಕೆ ಸಿನಿಮಾ ನೇರ ಉತ್ತರ ಕೊಡುವುದಿಲ್ಲ. ಬಿಳಿ ಬಟ್ಟೆಯವಳು ಅವನ ಮೇಲೆ ಕಣ್ಣಿಟ್ಟಿದ್ದಳು, ಅವಳ ಕೈಯೇ ಇರಬೇಕು ಅನ್ನುವುದು ಹೆಚ್ಚು ಜನ ಒಪ್ಪುವ ಮಾತು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಇಲ್ಲಿ ಒಂದು ತೂತು ಇದೆ ಅಂತ ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

ಮಂತ್ರವಾದಿ ಮತ್ತು ಮುದುಕ ಒಂದೇ ಕಡೆಯವರು ಅನ್ನುವುದಕ್ಕೆ ಮಾತ್ರ ಸಾಕ್ಷಿ ಜಾಸ್ತಿ ಇದೆ. ಮುದುಕನ ಮನೆಗೆ ಜೋಂಗು ಮೊದಲ ಸಲ ಹೋದಾಗ ಗೋಡೆ ತುಂಬ ಸತ್ತವರ ಫೋಟೋ. ಎರಡನೇ ಸಲ ಹೋದಾಗ ಅವು ಅಲ್ಲಿಲ್ಲ. ಸಿನಿಮಾದ ಕೊನೆಯಲ್ಲಿ ಇಲ್ಗ್ವಾಂಗ್ ಕೈಯಿಂದ ಒಂದು ಡಬ್ಬಿ ಬಿದ್ದು ತೆರೆದುಕೊಳ್ಳುತ್ತದೆ, ಅದರ ತುಂಬ ಅಂಥದೇ ಫೋಟೋಗಳು. ಇನ್ನೊಂದು ಸಣ್ಣ ಸುಳಿವು ಬಟ್ಟೆಯಲ್ಲಿದೆ. ಮುದುಕ ಕಾಡಿನಲ್ಲಿ ಜಪಾನಿ ಶೈಲಿಯ ಲಂಗೋಟಿ ಉಟ್ಟು ಓಡಾಡುತ್ತಾನೆ ಅಂತ ಆರಂಭದಲ್ಲೇ ಒಬ್ಬ ಬೇಟೆಗಾರ ಹೇಳುತ್ತಾನೆ. ಇಲ್ಗ್ವಾಂಗ್ ಬಟ್ಟೆ ಬದಲಿಸುವ ಒಂದು ದೃಶ್ಯದಲ್ಲಿ ಅವನ ಮೈಮೇಲೂ ಅದೇ ಲಂಗೋಟಿ ಇದೆ. ಕೊರಿಯಾದ ಮಂತ್ರವಾದಿಗೆ ಅದು ಎಲ್ಲಿಂದ ಬಂತು?

ಇದರ ಮೇಲೆ ಒಂದು ಕತ್ತರಿಸಿ ತೆಗೆದ ದೃಶ್ಯವೂ ಇದೆ. ಎಲ್ಲ ಮುಗಿದ ಮೇಲೆ ಇಲ್ಗ್ವಾಂಗ್ ಕಾರಿನಲ್ಲಿ ಬಂದು ಆ ಜಪಾನಿಯನ್ನು ಹತ್ತಿಸಿಕೊಂಡು ಹೋಗುತ್ತಾನೆ, ಬಿಳಿ ಬಟ್ಟೆಯವಳು ದೂರದಿಂದ ನೋಡುತ್ತಾಳೆ. ಅದನ್ನು ಇಟ್ಟುಕೊಂಡಿದ್ದರೆ ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವಿಡಿಯೋಗಳಿಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು. ತೆಗೆದದ್ದು ಒಳ್ಳೆಯದಾಯಿತು. ಆ ದೃಶ್ಯ ಇದ್ದಿದ್ದರೆ ನಾವು ಮನೆಗೆ ಬರುವಾಗ ‘ಓ, ಇವರಿಬ್ಬರೂ ಪಾರ್ಟ್ನರ್ಸ್’ ಅಂದುಕೊಂಡು ಮಲಗುತ್ತಿದ್ದೆವು. ಅದು ಸತ್ಯವೇ, ಆದರೆ ಸಣ್ಣ ಸತ್ಯ.

ಬೇರೆ ಓದುವಿಕೆಯೂ ಇದೆ, ಅದನ್ನು ಸುಮ್ನೆ ತಳ್ಳಿಹಾಕಲಾಗುವುದಿಲ್ಲ. ಇಲ್ಗ್ವಾಂಗ್ ಮೊದಲು ಮಾಮೂಲಿ ಮಂತ್ರವಾದಿ, ದುಡ್ಡಿಗಾಗಿ ಬಂದವನು. ಬಿಳಿ ಬಟ್ಟೆಯವಳನ್ನು ಕಂಡು ಮೂಗು ಬಾಯಲ್ಲಿ ರಕ್ತ ಕಾರಿ ಊರು ಬಿಟ್ಟು ಓಡುತ್ತಾನೆ. ದಾರಿಯಲ್ಲಿ ರಾಶಿ ರಾಶಿ ಪತಂಗಗಳು ಕಾರಿನ ಗಾಜಿಗೆ ಬಂದು ಬಡಿಯುತ್ತವೆ, ಅವನು ಹೆದರಿ ಕಾರು ತಿರುಗಿಸುತ್ತಾನೆ. ಆ ಕ್ಷಣದಿಂದ ಅವನು ದೆವ್ವದ ಆಳು ಅನ್ನುವುದು ಈ ವಾದ. ಹಾಗೆ ನೋಡಿದರೆ ಅವನೂ ಒಂದು ರೀತಿ ಬಲಿಪಶು. ಲಂಗೋಟಿ, ಫೋಟೋ ಡಬ್ಬಿ ಎರಡೂ ಈ ವಾದದ ವಿರುದ್ಧ ನಿಲ್ಲುತ್ತವೆ. ಆದರೂ ಆ ಪತಂಗದ ದೃಶ್ಯದಲ್ಲಿ ಇಲ್ಗ್ವಾಂಗ್ ಪಾತ್ರ ಮಾಡಿದ ಹ್ವಾಂಗ್ ಜಂಗ್-ಮಿನ್ ಮುಖದಲ್ಲಿ ಕಾಣುವ ಭಯ ನಟನೆಯೊಳಗಿನ ನಟನೆ ಅಂತ ನನಗೆ ಅನ್ನಿಸುವುದಿಲ್ಲ.

ಇಷ್ಟಕ್ಕೆ ‘ಯಾರು’ ಅನ್ನುವ ಪ್ರಶ್ನೆ ಹೆಚ್ಚು ಕಡಿಮೆ ಮುಗಿಯಿತು. ಮುದುಕ ದೆವ್ವ, ಮಂತ್ರವಾದಿ ಅವನ ಜೊತೆಗಾರ, ಬಿಳಿ ಬಟ್ಟೆಯವಳು ಊರು ಕಾಯುವವಳು. ಇನ್ನು ‘ಯಾಕೆ’ ಅನ್ನುವುದಕ್ಕೆ ಬರೋಣ.

ನನ್ನ ಮಗಳಿಗೇ ಯಾಕೆ ಹೀಗಾಯಿತು ಅಂತ ಜೋಂಗು ಕೇಳುತ್ತಾನೆ. ಇಲ್ಗ್ವಾಂಗ್ ಕೊಡುವ ಉತ್ತರ ಮೀನು ಹಿಡಿಯುವುದರ ಬಗ್ಗೆ. ಗಾಳ ಹಾಕುವವನಿಗೆ ಯಾವ ಮೀನು ಬೀಳುತ್ತದೆ ಅಂತ ಗೊತ್ತಿರುತ್ತದಾ? ಅವನು ಎರೆ ಹಾಕಿದ, ನಿನ್ನ ಮಗಳು ಕಚ್ಚಿದಳು, ಅಷ್ಟೇ. ಸಿನಿಮಾ ಶುರುವಾಗುವುದೇ ಮುದುಕ ಗಾಳಕ್ಕೆ ಹುಳ ಚುಚ್ಚುವುದರಿಂದ, ಹಾಗಾಗಿ ಈ ಮಾತು ನಂಬುವಂತೆ ಕೇಳಿಸುತ್ತದೆ. ಕಾರಣವೇ ಇಲ್ಲ, ಬರೀ ದುರದೃಷ್ಟ.

ಅದೇ ಪ್ರಶ್ನೆಯನ್ನು ಜೋಂಗು ಕೊನೆಯ ರಾತ್ರಿ ಓಣಿಯಲ್ಲಿ ಬಿಳಿ ಬಟ್ಟೆಯವಳಿಗೂ ಕೇಳುತ್ತಾನೆ. ಅವಳ ಉತ್ತರ ಪೂರ್ತಿ ಉಲ್ಟಾ. ಮಗುವಿನ ಅಪ್ಪ ಪಾಪ ಮಾಡಿದ, ಇನ್ನೊಬ್ಬನನ್ನು ಅನುಮಾನಿಸಿದ, ಕೊನೆಗೆ ಕೊಂದೇಬಿಟ್ಟ, ಅದಕ್ಕೆ ಹೀಗಾಯಿತು ಅನ್ನುತ್ತಾಳೆ. ಜೋಂಗು ಕಿರುಚುತ್ತಾನೆ: ನನ್ನ ಮಗಳಿಗೆ ಮೊದಲು ಕಾಯಿಲೆ ಬಂತು, ಆಮೇಲೆ ತಾನೇ ನಾನು ಅದನ್ನೆಲ್ಲ ಮಾಡಿದ್ದು!

ನನ್ನ ಮಟ್ಟಿಗೆ ಸಿನಿಮಾದ ನಿಜವಾದ ಗಂಟು ಇಲ್ಲಿದೆ. ಲೆಕ್ಕ ಹಾಕಿದರೆ ಜೋಂಗು ಹೇಳುವುದು ಸರಿ. ಮಗು ಮೊದಲು ಮಲಗಿತು. ಆಮೇಲೆ ಅವನು ಮುದುಕನ ಮನೆಗೆ ನುಗ್ಗಿ ಪೂಜೆ ಸಾಮಾನು ಒಡೆದ, ನಾಯಿಯನ್ನು ಕೊಂದ. ಇನ್ನೂ ಆಮೇಲೆ ಗೆಳೆಯರನ್ನು ಕಟ್ಟಿಕೊಂಡು ಅವನನ್ನು ಬೇಟೆಯಾಡಿದ, ಟ್ರಕ್ಕಿಗೆ ಬಡಿದು ಬಿದ್ದವನನ್ನು ಕೆಳಕ್ಕೆ ಎಸೆದ. ಹಾಗಾದರೆ ಕಾಯುವವಳೇ ಸುಳ್ಳು ಹೇಳುತ್ತಿದ್ದಾಳಾ? ಅಥವಾ ಅವಳ ಲೆಕ್ಕ ಇನ್ನೂ ಹಿಂದಿನಿಂದ, ಊರವರ ಗಾಳಿಮಾತನ್ನು ಜೋಂಗು ಮೊದಲ ಸಲ ಒಳಗೆ ಬಿಟ್ಟುಕೊಂಡ ದಿನದಿಂದ ಶುರುವಾಗುತ್ತದಾ? ಸಿನಿಮಾ ಹೇಳುವುದಿಲ್ಲ. ಅನುಮಾನದಿಂದ ಕೇಡು ಬಂತೋ, ಕೇಡಿನಿಂದ ಅನುಮಾನ ಬಂತೋ? ದೆವ್ವ ಯಾರು ಅಂತ ಗೊತ್ತಾದರೂ ಇದು ಬಗೆಹರಿಯುವುದಿಲ್ಲ.

ಆಪ್ತರು ಕೆಲವರು ತೀರಿಕೊಂಡ ಮೇಲೆ ‘ಯಾಕೆ ಇವರಿಗೇ?’ ಅನ್ನುವ ಪ್ರಶ್ನೆಯಿಂದ ಈ ಕಥೆ ಹುಟ್ಟಿತು ಅಂತ ನಾ ಹೊಂಗ್-ಜಿನ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರ ಮೊದಲ ಸಿನಿಮಾ, 2008ರ ‘ದಿ ಚೇಸರ್’ನಲ್ಲಿ ಕೊಲೆಗಾರ ಯಾರು ಅಂತ ಬೇಗನೇ ಗೊತ್ತಾಗಿಬಿಡುತ್ತದೆ. ಗೊತ್ತಾಗಿಯೂ ಅವನನ್ನು ಒಳಗೆ ಹಾಕಲು ಆಗದಿರುವುದೇ ಅಲ್ಲಿನ ಒದ್ದಾಟ. ಗುಟ್ಟು ಬಯಲು ಮಾಡುವುದರಲ್ಲಿ ಅವರಿಗೆ ಮೊದಲಿಂದಲೂ ಅಷ್ಟು ಆಸಕ್ತಿ ಇದ್ದಂತಿಲ್ಲ.

ಅನುಮಾನದ ಮಾತು ಬಂದಾಗ ಆ ಮುದುಕ ಜಪಾನಿಯೇ ಯಾಕಾಗಬೇಕಿತ್ತು ಅನ್ನುವುದನ್ನೂ ನೋಡಬೇಕು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಆ ನೋವು ಇನ್ನೂ ಆರಿಲ್ಲ. ಹಾಗಾಗಿ ಹಳ್ಳಿಗೆ ಬಂದ ಒಬ್ಬ ಜಪಾನಿ ಮುದುಕನನ್ನು ಊರವರು ಅನುಮಾನಿಸಿದರೆ ಕೊರಿಯನ್ ಪ್ರೇಕ್ಷಕ ತಲೆ ಆಡಿಸುತ್ತಾನೆ, ಅದೇ ಹೊತ್ತಿಗೆ ಸ್ವಲ್ಪ ನಾಚಿಕೆಯನ್ನೂ ಪಡುತ್ತಾನೆ. ಭಾಷೆ ಬರದ, ಒಂಟಿ, ಬಡ ಮುದುಕನನ್ನು ಸುಮ್ಮನೆ ಗೋಳು ಹೊಯ್ದುಕೊಳ್ಳುತ್ತಿದ್ದಾರೇನೋ ಅಂತ. ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಬಂಡೆಯ ಅಂಚಿನಲ್ಲಿ ಅಡಗಿದಾಗ ಅವನು ಅಳುತ್ತಾನೆ. ಅಲ್ಲಿ ಅವನನ್ನು ನೋಡುತ್ತಿರುವವರು ನಾವು ಮಾತ್ರ. ದೆವ್ವಕ್ಕೆ ಯಾರೂ ಇಲ್ಲದಾಗ ಅಳುವ ಅಗತ್ಯ ಏನಿತ್ತು? ನಾನು ಮೇಲೆ ಕೊಟ್ಟ ಉತ್ತರಕ್ಕೆ ಅತಿ ದೊಡ್ಡ ತೊಡಕು ಈ ಒಂದು ದೃಶ್ಯ. ಜುನ್ ಕುನಿಮುರಾ ಈ ಪಾತ್ರವನ್ನು ಹೆಚ್ಚು ಮಾತಿಲ್ಲದೆ, ಬಹುಪಾಲು ನೋಟದಲ್ಲೇ ನಡೆಸಿದ್ದಾರೆ. ಕೊರಿಯಾದ ಬ್ಲೂ ಡ್ರ್ಯಾಗನ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಪೋಷಕ ನಟ ಗೌರವ ಅವರಿಗೆ ಹೋಯಿತು. ವಿದೇಶಿ ನಟನಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಈಗ ಓಣಿಗೆ ವಾಪಸ್ ಬರೋಣ. ಕೋಳಿ ಮೂರು ಸಲ ಕೂಗುವವರೆಗೆ ಮನೆಗೆ ಹೋಗಬೇಡ, ದೆವ್ವಕ್ಕೆ ಬಲೆ ಹಾಕಿದ್ದೇನೆ ಅನ್ನುತ್ತಾಳೆ ಅವಳು. ಫೋನಿನಲ್ಲಿ ಇಲ್ಗ್ವಾಂಗ್, ಅವಳೇ ದೆವ್ವ, ಅವಳ ಮಾತು ಕೇಳಬೇಡ ಅನ್ನುತ್ತಿದ್ದಾನೆ. ಬೈಬಲ್ ಗೊತ್ತಿದ್ದವರಿಗೆ ಕೋಳಿಯ ಲೆಕ್ಕ ಅರ್ಥವಾಗುತ್ತದೆ. ಕೋಳಿ ಕೂಗುವ ಮೊದಲು ಪೇತ್ರ ತನ್ನ ಗುರುವನ್ನು ಮೂರು ಸಲ ಅಲ್ಲಗಳೆದ ಕಥೆ ಅದು. ಜೋಂಗು ಕಾಯುತ್ತಾನೆ, ಆದರೆ ಅವನ ಕಣ್ಣು ಕೆಳಗೆ ಬೀಳುತ್ತದೆ. ಅಲ್ಲಿ ಮಗಳ ಹೇರ್‌ಪಿನ್. ಎದುರಿಗಿರುವ ಆ ಹೆಂಗಸಿನ ಮೈಮೇಲೆ ಸತ್ತವರ ಬಟ್ಟೆ. ಮೂರನೇ ಕೂಗಿಗೆ ಮೊದಲೇ ಮನೆ ಕಡೆ ಓಡುತ್ತಾನೆ. ಬಾಗಿಲಿಗೆ ಕಟ್ಟಿದ್ದ ಗಿಡದ ತೋರಣ ಬಾಡಿಹೋಗುತ್ತದೆ. ಒಳಗೆ ಆಗಬಾರದ್ದು ಆಗಿಹೋಗಿರುತ್ತದೆ.

ಅವನು ದಡ್ಡ ಅಂತ ಬೈಯುವವರು ಒಂದು ನಿಮಿಷ ಅವನ ಜಾಗದಲ್ಲಿ ನಿಂತು ನೋಡಿ. ಅವನು ಪೊಲೀಸು. ಸತ್ತವರ ಸಾಮಾನು ಯಾರ ಹತ್ತಿರ ಸಿಕ್ಕಿತೋ ಅವರ ಮೇಲೆ ಅನುಮಾನ ಪಡು ಅಂತಲೇ ಅವನ ಕೆಲಸ ಕಲಿಸಿರುವುದು. ಮುದುಕನ ವಿಷಯದಲ್ಲೂ ಹಾಗೇ ಆಗಿತ್ತು, ಅವನ ಮನೆಯಲ್ಲಿ ಹ್ಯೋಜಿನ್‌ಳ ಚಪ್ಪಲಿ ಸಿಕ್ಕಿತ್ತು. ಒಂದೇ ಬಗೆಯ ಸಾಕ್ಷಿ ಒಂದು ಕಡೆ ಸತ್ಯ ಹೇಳಿತು, ಇನ್ನೊಂದು ಕಡೆ ಅವನನ್ನು ಮುಳುಗಿಸಿತು. ಅವಳಾದರೂ ಇದು ನನ್ನ ಹತ್ತಿರ ಯಾಕಿದೆ ಅಂತ ಒಂದು ಮಾತು ಹೇಳಬಹುದಿತ್ತು ಅಲ್ವಾ? ಹೇಳುವುದಿಲ್ಲ. ನೀನು ಯಾರು ಅಂತ ಕೇಳಿದರೂ ಸರಿಯಾಗಿ ಹೇಳುವುದಿಲ್ಲ. ನಂಬು ಅಂತ ಕೇಳುತ್ತಾಳೆ, ನಂಬಲು ಒಂದೂ ಕಾರಣ ಕೊಡುವುದಿಲ್ಲ. ಹ್ಯೋಜಿನ್ ಜ್ವರದ ನಡುವೆ ಅಪ್ಪನ ಮೇಲೆ ಹರಿಹಾಯ್ದು, ಯಾವುದು ಮುಖ್ಯ ಅಂತ ಗೊತ್ತಾ ನಿನಗೆ ಅಂತ ಕೇಳುವ ಒಂದು ಮಾತಿದೆ. ಆ ವರ್ಷ ಕೊರಿಯಾದಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಡೈಲಾಗು ಅದು. ತಮಾಷೆಗೆ ಬಳಸಿದರು. ಸಿನಿಮಾದಲ್ಲಿ ಅದು ತಮಾಷೆಯಲ್ಲ. ಅಪ್ಪ ಮಗಳ ಪಕ್ಕ ಕೂರುವ ಬದಲು ಅವಳನ್ನು ಸಾಕ್ಷಿಯಂತೆ ವಿಚಾರಣೆ ಮಾಡುತ್ತಿರುತ್ತಾನೆ, ಆ ಮುದುಕನನ್ನು ಎಲ್ಲಿ ನೋಡಿದೆ, ಏನು ಮಾಡಿದ ಅಂತ.

ಇದೇ ಹೊತ್ತಿಗೆ ಇನ್ನೊಂದು ಕಡೆ ಗುಹೆಯ ದೃಶ್ಯ ನಡೆಯುತ್ತಿದೆ. ಚರ್ಚಿನ ಯುವ ಸೇವಕನೊಬ್ಬ, ಮೊದಲು ಮುದುಕನ ಮಾತನ್ನು ಅನುವಾದ ಮಾಡಲು ಹೋಗಿದ್ದವನು, ಕುಡುಗೋಲು ಹಿಡಿದು ಗುಹೆಗೆ ಬರುತ್ತಾನೆ. ನೀನು ದೆವ್ವ ಅಲ್ಲ ಅಂತ ಹೇಳು, ವಾಪಸ್ ಹೋಗುತ್ತೇನೆ ಅನ್ನುತ್ತಾನೆ. ಮುದುಕ ನಗುತ್ತಾನೆ. ನಾನು ಏನು ಹೇಳಿದರೂ ನಿನ್ನ ಮನಸ್ಸು ಬದಲಾಗುವುದಿಲ್ಲ, ನೀನು ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದೀಯ ಅನ್ನುತ್ತಾನೆ. ಆಮೇಲೆ ಅಂಗೈ ತೋರಿಸುತ್ತಾನೆ. ಅಲ್ಲಿ ಮೊಳೆಯ ಗಾಯದ ಗುರುತು.

ಸಿನಿಮಾದ ಮೊದಲ ಪರದೆಯ ಮೇಲೆ ಬರುವುದು ಲೂಕನ ಸುವಾರ್ತೆಯ 24ನೇ ಅಧ್ಯಾಯದ ಸಾಲುಗಳು. ಸತ್ತು ಎದ್ದು ಬಂದ ಯೇಸುವನ್ನು ಶಿಷ್ಯರು ದೆವ್ವ ಅಂದುಕೊಂಡು ಹೆದರುತ್ತಾರೆ. ಯಾಕೆ ಅನುಮಾನ, ನನ್ನ ಕೈಕಾಲು ನೋಡಿ, ಮುಟ್ಟಿ ನೋಡಿ, ದೆವ್ವಕ್ಕೆ ಮೂಳೆ ಮಾಂಸ ಇರುವುದಿಲ್ಲ ಅನ್ನುತ್ತಾನೆ ಅವನು. ಅದೇ ಸಾಲುಗಳನ್ನು ಗುಹೆಯಲ್ಲಿ ಮುದುಕ ಹೇಳುತ್ತಾನೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಕೆಂಪಾಗುತ್ತದೆ, ಉಗುರು ಉದ್ದವಾಗುತ್ತದೆ. ಶಿಷ್ಯರ ಅನುಮಾನ ನೀಗಿಸಿದ ಸಾಕ್ಷಿಯೇ ಇಲ್ಲಿ ದೆವ್ವದ ಕೈಗೆ ಸಿಕ್ಕಿದೆ. ಕಣ್ಣಾರೆ ಕಂಡೆ, ಕೈಯಾರೆ ಮುಟ್ಟಿದೆ ಅನ್ನುವುದಕ್ಕೂ ಇನ್ನು ಬೆಲೆ ಇಲ್ಲ.

ಈ ದೃಶ್ಯವನ್ನು ಎರಡು ರೀತಿ ಓದಬಹುದು. ಅವನು ಮೊದಲಿಂದಲೂ ದೆವ್ವವೇ, ಈಗ ವೇಷ ಕಳಚಿದ. ಇಲ್ಲವೇ, ಇಡೀ ಊರು ಅವನನ್ನು ದೆವ್ವ ಅಂದು ಅಂದು, ಕೊನೆಗೆ ಆ ಯುವಕನ ಕಣ್ಣಿಗೆ ಅವನು ಹಾಗೇ ಕಂಡ. ಮೊದಲನೆಯದೇ ಸರಿ ಅಂತ ಫೋಟೋ ಡಬ್ಬಿ, ಲಂಗೋಟಿ ಎಲ್ಲ ಹೇಳುತ್ತವೆ, ನಾನೂ ಅದನ್ನೇ ಒಪ್ಪುತ್ತೇನೆ. ಆದರೆ ಬಂಡೆಯ ಅಂಚಿನಲ್ಲಿ ಅತ್ತವನ ಮುಖ ಎರಡನೆಯದನ್ನೂ ಪೂರ್ತಿ ಸಾಯಲು ಬಿಡುವುದಿಲ್ಲ. ಗುಹೆಯಲ್ಲಿ ಮುದುಕ ಕ್ಯಾಮೆರಾ ತೆಗೆದು ಆ ಯುವಕನ ಫೋಟೋ ಹಿಡಿಯುತ್ತಾನೆ. ಅತ್ತ ಜೋಂಗುವಿನ ಮನೆಯಲ್ಲಿ ಇಲ್ಗ್ವಾಂಗ್ ಕೂಡ ಕ್ಯಾಮೆರಾ ತೆಗೆದಿದ್ದಾನೆ. ಮತ್ತೊಮ್ಮೆ ನೋಡುವವರು ಯಾರು ಯಾರ ಫೋಟೋ ಯಾವಾಗ ತೆಗೆದರು ಅನ್ನುವುದನ್ನು ಮಾತ್ರ ಹಿಡಿದುಕೊಂಡು ನೋಡಿ. ಬಿಳಿ ಬಟ್ಟೆಯವಳ ಕೈಯಲ್ಲಿ ಇಡೀ ಸಿನಿಮಾದಲ್ಲಿ ಒಮ್ಮೆಯೂ ಕ್ಯಾಮೆರಾ ಇಲ್ಲ.